ಅಪ್ಪನ ಆರು ದಿನ, ಮಗನ ಆರೂವರೆ ಕೋಟಿ ವರ್ಷ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಮನೆಯವರು ಒಪ್ಪಿದ ಮೇಲೆಯೇ ಬರೆದದ್ದು.)

ನನ್ನ ಬಳಿ ಸಲಹೆ ಕೇಳಲು ಮೊದಲು ಬಂದವರು ತಾಯಿ. ಬೀದರ್ ಹತ್ತಿರದ ಹಳ್ಳಿಯವರು. "ಮೇಡಂ, ಅಪ್ಪ ಮಗ ಒಂದ ತಾಟಿನ್ಯಾಗ ಉಣ್ಣೋರು. ಈಗ ಮಾರಿ ಸುದ್ದಾ ನೋಡಲ್ರಿ. ಹೊಲಕ್ಕಲ್ಲ, ರೊಕ್ಕಕ್ಕಲ್ಲ, ಬೈಬಲ್ ಸಲುವಾಗಿ ಜಗಳರಿ" ಎಂದರು.

ತಂದೆಗೆ 57 ವರ್ಷ. ಗೌಂಡಿ ಕೆಲಸ. ಬೀದರಿನ ಕೆಂಪು ಕಲ್ಲು ಕಡಿದು ಪಳಗಿದ ಕೈ. ಪ್ರೊಟೆಸ್ಟೆಂಟ್ ಚರ್ಚಿನಲ್ಲಿ ಹಿರಿಯರು. ಮಗನಿಗೆ 22, ಕಲಬುರಗಿಯಲ್ಲಿ ಭೂವಿಜ್ಞಾನ ಓದುತ್ತಾನೆ. ರಜೆಗೆ ಬಂದವನು ಅಂಗಳದಲ್ಲಿದ್ದ ಕಲ್ಲು ಎತ್ತಿಕೊಂಡ. ಇದು ಕರಿಕಲ್ಲು ಮಳೆ ಬಿಸಿಲಿಗೆ ಕೊಳೆತು ಆದದ್ದು, ಕೆಳಗಿರುವ ಆ ಲಾವಾ ಕಲ್ಲಿಗೆ ಸುಮಾರು ಆರೂವರೆ ಕೋಟಿ ವರ್ಷ ಎಂದ. ಲೋಕ ಹುಟ್ಟಿಯೇ ಆರು ಸಾವಿರ ವರ್ಷ ಆಯಿತು ಎಂದರು ತಂದೆ. ಮಗ ನಕ್ಕುಬಿಟ್ಟ. ಕೆಲಸ ಕೆಡಿಸಿದ್ದು ಆ ನಗು. "ನಂಬದವನಿಗೆ ಕರ್ತನ ಭೋಜನ ಯಾಕೆ?" ಎಂದು ತಂದೆ ಕೇಳಿದರು. ಯೇಸುವಿನ ನೆನಪಿಗೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿ ಅದು. ಮಗ ಚರ್ಚಿಗೆ ಹೋಗುವುದನ್ನೇ ಬಿಟ್ಟ.

ಮೊದಲ ಭೇಟಿಯಲ್ಲಿ ನಾನೂ ಎಡವಿದೆ. ಸುಮ್ನೆ ಕೇಳಬೇಕಾದವಳು ಪಾಠ ಶುರು ಮಾಡಿದೆ. ದೇವರು ಲೋಕವನ್ನು ಸೃಷ್ಟಿಸಿದ ಎಂದು ಬೈಬಲ್ ಹೇಳುವ ಆ ಆರು ದಿನಗಳು ನಮ್ಮ 24 ಗಂಟೆಯ ದಿನಗಳೇ ಆಗಬೇಕಿಲ್ಲ ಎಂದು ಸಂತ ಅಗಸ್ಟೀನ್ 1600 ವರ್ಷದ ಹಿಂದೆಯೇ ಬರೆದಿದ್ದಾರೆ ಎಂದೆ. ತಂದೆ ತಣ್ಣಗೆ, "ಅವ್ರು ಕ್ಯಾಥೊಲಿಕ್ ಇರಬೇಕಲ್ರಿ" ಎಂದರು. ಪಾಠ ಅಲ್ಲಿಗೇ ಮುಗಿಯಿತು.

ಎರಡನೇ ಸಲ ಅವರೊಬ್ಬರನ್ನೇ ಕೂರಿಸಿಕೊಂಡು ಕೇಳಿದೆ: ಮಗ ಹೇಳಿದ್ದರಲ್ಲಿ ನಿಮಗೆ ಚುಚ್ಚಿದ್ದು ಯಾವುದು, ಆ ಕೋಟಿ ವರ್ಷವಾ? ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: "ನಮ್ಮ ಮುತ್ತ್ಯಾಗ ಊರ ಬಾವಿ ಮುಟ್ಟಾಕ ಬಿಡ್ತಿದ್ದಿಲ್ರಿ. ದೇವ್ರು ನಿನ್ನ ತನ್ನ ಸ್ವರೂಪದಾಗ ಮಾಡ್ಯಾನ ಅಂತ ಮೊದಲ ಹೇಳಿದ್ದು ಈ ಪುಸ್ತಕರಿ. ಇದ ಸುಳ್ಳಂದ್ರ ನಾವ್ ಯಾರ್ರಿ?"

ನಮ್ಮ ಕಡೆಯ ಬಹಳ ಕ್ರೈಸ್ತ ಮನೆಗಳ ಹಿಂದೆ ಇಂಥದ್ದೊಂದು ಬಾವಿ ಇದೆ. ಆರು ದಿನದ ಲೆಕ್ಕ ಬಿದ್ದರೆ ಬೈಬಲಿನ ಮೊದಲ ಪುಸ್ತಕ ಆದಿಕಾಂಡದ ಒಂದನೇ ಅಧ್ಯಾಯದ 26ನೇ ವಚನ, ಅಂದರೆ ದೇವರ ಸ್ವರೂಪದ ಆ ಮಾತೂ ಬೀಳುತ್ತದೆ ಎಂಬ ಭಯ ಅವರಿಗೆ. ಮಗನಿಗೆ ಮುತ್ತ್ಯಾನ ಈ ಕಥೆಯನ್ನು ಯಾರೂ ಹೇಳಿರಲಿಲ್ಲ. ನಾಚಿಕೆಗೆ ಮುಚ್ಚಿಟ್ಟಿದ್ದರು.

ಮೂರನೇ ಸಲ ಇಬ್ಬರನ್ನೂ ಕರೆದೆ. ಒಂದು ಬೈಬಲ್, ಎರಡು ಹಾಳೆ. ಆದಿಕಾಂಡದ ಮೊದಲ ಎರಡು ಅಧ್ಯಾಯಗಳನ್ನು ಸರದಿಯಂತೆ ಗಟ್ಟಿಯಾಗಿ ಓದಿ, ಯಾವುದು ಮೊದಲು ಆಯಿತು ಎಂದು ಬರೆಯಿರಿ ಎಂದೆ. ಒಂದನೇ ಅಧ್ಯಾಯದಲ್ಲಿ ಮೂರನೇ ದಿನ ಗಿಡಮರ, ನಾಲ್ಕನೇ ದಿನ ಸೂರ್ಯ ಚಂದ್ರ, ಆರನೇ ದಿನ ಪ್ರಾಣಿಗಳು, ಕೊನೆಗೆ ಗಂಡು ಹೆಣ್ಣು ಒಟ್ಟಿಗೆ. ಎರಡನೆಯದರಲ್ಲಿ ಮೊದಲು ಮನುಷ್ಯ, ಆಮೇಲೆ ತೋಟ, ಪ್ರಾಣಿಗಳು, ಕಡೆಗೆ ಹೆಂಗಸು. ತಂದೆ ತಮ್ಮ ಹಾಳೆಯನ್ನು ಎರಡು ಸಲ ನೋಡಿದರು. "ಬರೆದವ್ರಿಗಿ ಇದು ತಿಳೀಲಿಲ್ಲೇನ್ರಿ?"

ತಿಳಿದೇ ಪಕ್ಕಪಕ್ಕ ಇಟ್ಟಿದ್ದಾರೆ ಎಂದು ನನ್ನ ನಂಬಿಕೆ ಎಂದೆ. ಎರಡನ್ನೂ ಹೊಂದಿಸಿ ಓದುವ, ಆರು ದಿನ ಅಂದರೆ ಆರೇ ದಿನ ಎನ್ನುವ ಕ್ರೈಸ್ತರೂ ಇದ್ದಾರೆ. ಅದನ್ನೂ ಹೇಳಿದೆ. ಆಮೇಲೆ ಈಗಿನ ಇರಾಕಿನಲ್ಲಿದ್ದ ಹಳೆಯ ರಾಜ್ಯ ಬಾಬಿಲೋನಿನ ಮಾತು ತೆಗೆದೆ. ಅಲ್ಲಿನ ಕಥೆಯಲ್ಲಿ ದೇವತೆಗಳ ದುಡಿಮೆ ತಪ್ಪಿಸಲು, ಕೊಂದ ಒಬ್ಬ ದೇವರ ರಕ್ತದಿಂದ ಮನುಷ್ಯನನ್ನು ಮಾಡುತ್ತಾರೆ. ಸುತ್ತಲಿನ ರಾಜ್ಯಗಳಲ್ಲಿ ದೇವರ ಸ್ವರೂಪ ಎಂದು ಹೊಗಳಿಸಿಕೊಳ್ಳುತ್ತಿದ್ದವನು ರಾಜ. ಆದಿಕಾಂಡ ಆ ಮಾತನ್ನು ಎಲ್ಲ ಗಂಡು ಹೆಣ್ಣಿಗೂ ಕೊಟ್ಟುಬಿಟ್ಟಿತು. ಜನ ಪೂಜಿಸುತ್ತಿದ್ದ ಸೂರ್ಯ ಚಂದ್ರರ ಹೆಸರನ್ನೂ ಅಲ್ಲಿ ಎತ್ತಿಲ್ಲ, ದೊಡ್ಡ ಬೆಳಕು, ಚಿಕ್ಕ ಬೆಳಕು ಅಷ್ಟೇ. ಹೀಬ್ರೂವಿನಲ್ಲಿ 'ಆದಾಮ್' ಮನುಷ್ಯ, 'ಅದಾಮಾ' ಮಣ್ಣು. ಗೌಂಡಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಆರು ಸಾವಿರ ವರ್ಷ ಎಂದು ಎಲ್ಲಿ ಬರೆದಿದೆ, ಹುಡುಕಿ ತನ್ನಿ ಎಂದೆ. ಎರಡು ವಾರ ಹುಡುಕಿದರು. ಸಿಗಲಿಲ್ಲ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ವಂಶಾವಳಿಗಳನ್ನು ಕೂಡಿ, ಸೃಷ್ಟಿ ಕ್ರಿ.ಪೂ. 4004ರಲ್ಲಿ ಆಯಿತು ಎಂದು ಲೆಕ್ಕ ಹಾಕಿದ್ದರು. ಅದು ಇಂಗ್ಲಿಷ್ ಬೈಬಲ್‌ಗಳ ಅಂಚಿನಲ್ಲಿ ಅಚ್ಚಾಗಿ ವಚನದಷ್ಟೇ ಗಟ್ಟಿಯಾಯಿತು.

ಮಗನಿಗೆ ಹೇಳಿದ್ದು ಬೇರೆ. ಕೋಟಿ ವರ್ಷಕ್ಕೆ ಕ್ಷಮೆ ಕೇಳಬೇಡ, ನಕ್ಕಿದ್ದಕ್ಕೆ ಕೇಳು. ಮುತ್ತ್ಯಾನ ಕಥೆಯನ್ನು ಅಪ್ಪನ ಬಾಯಿಂದ ಕೇಳಿ ಬರೆದಿಡು. ಕಲ್ಲು ತನ್ನ ವಯಸ್ಸು ಹೇಳುತ್ತದೆ, ಬಾವಿಗೆ ಬಂದವನನ್ನು ಓಡಿಸಬಾರದು ಎಂದು ಹೇಳುವುದಿಲ್ಲ. ವಿಶ್ವ ಒಂದು ಚಿಕ್ಕ ಬಿಂದುವಿನಿಂದ ಶುರುವಾಯಿತು ಎಂದು ಮೊದಲು ಹೇಳಿದವರಲ್ಲಿ ಒಬ್ಬರಾದ ಬೆಲ್ಜಿಯಂನ ವಿಜ್ಞಾನಿ ಲೆಮೈತ್ರ್ ಪಾದ್ರಿಯೇ. ಅವರು ತಮ್ಮ ಲೆಕ್ಕವನ್ನು ಬೈಬಲ್‌ಗೆ ಸಾಕ್ಷಿ ಮಾಡಲು ಒಪ್ಪಲಿಲ್ಲ.

ತಂದೆಗೆ ಒಂದೇ ಮಾತು: ಕರ್ತನ ಭೋಜನಕ್ಕೆ ಯಾರು ಬರಬೇಕು ಎನ್ನುವುದು ಮನೆಯಲ್ಲಿ ತೀರ್ಮಾನ ಆಗುವುದಲ್ಲ, ಪಾಸ್ಟರ್ ಜೊತೆ ಕೂತು ಮಾತಾಡಿ. ಒಂದು ತಿಂಗಳು ಊಟದ ಹೊತ್ತಿಗೆ ವರ್ಷಗಳ ಮಾತು ಬೇಡ. ತಾಯಿ ಇಬ್ಬರ ನಡುವೆ ಸುದ್ದಿ ಹೊರುವುದನ್ನು ನಿಲ್ಲಿಸಬೇಕು. ಇದು ಎಲ್ಲಕ್ಕಿಂತ ಕಷ್ಟವಾಯಿತಂತೆ.

ತಂದೆ ಇವತ್ತಿಗೂ ಆರು ದಿನ ಎಂದೇ ಹೇಳುತ್ತಾರೆ. ಮಗ ಊರಿಗೆ ಬಂದ ಭಾನುವಾರ ಚರ್ಚಿಗೆ ಹೋಗುತ್ತಾನೆ, ಹಿಂದಿನ ಬೆಂಚಿನಲ್ಲಿ ಕೂರುತ್ತಾನೆ. ಹೋದ ವಾರ ತಂದೆ ಫೋನ್ ಮಾಡಿದ್ದರು.

"ಮೇಡಂ, ಆರೂವರಿ ಕೋಟಿಗಿ ಎಷ್ಟು ಸೊನ್ನಿರಿ?"

ಮಗನನ್ನು ಕೇಳಿ ಎಂದೆ.

"ಅಂವ ಹೊಲಕ್ಕ ಹೋಗ್ಯಾನ್ರಿ. ಬರ್ಲಿ, ಕೇಳ್ತೀನಿ."