ಮೇನ್‌ಫ್ರೇಮ್ ಜಾಬ್‌ಗಳಿಗೆ ಸೂಚನೆ ಬರೆಯುವ ಜೆಸಿಎಲ್‌ನಲ್ಲಿ ಡೇಟಾಸೆಟ್ (ಫೈಲ್) ಹೆಸರಿಗೆ ಆ ದಿನದ ದಿನಾಂಕ ತಾನಾಗಿಯೇ ಸೇರುವಂತೆ ಮಾಡುವುದು ಹೇಗೆ?

ಪ್ರತಿ ರಾತ್ರಿ ರನ್ ಆಗುವ ಜಾಬ್‌ನ ಔಟ್‌ಪುಟ್ ಡೇಟಾಸೆಟ್ ಹೆಸರಿನಲ್ಲಿ ದಿನಾಂಕ ಬರಬೇಕು, ಆದರೆ ದಿನವೂ ಜೆಸಿಎಲ್ ತಿದ್ದುವಂತಿರಬಾರದು ಎಂದು ಕೇಳಿದ್ದೀರಿ. ನಿಮ್ಮಲ್ಲಿರುವುದು ಝಡ್‌ಓಎಸ್ ಎಂಬ ಮೇನ್‌ಫ್ರೇಮ್ ಆಪರೇಟಿಂಗ್ ಸಿಸ್ಟಮ್‌ನ 2.1 ಅಥವಾ ಅದರ ನಂತರದ ಆವೃತ್ತಿಯಾದರೆ ಸಿಸ್ಟಮ್ ತಾನೇ ಬೆಲೆ ತುಂಬುವ ಹೆಸರು, ಅಂದರೆ ಸಿಸ್ಟಮ್ ಸಿಂಬಲ್ ಬಳಸಬಹುದು. ಹೆಸರನ್ನು ಹೀಗೆ ಬರೆಯಿರಿ:

ಡಿಎಸ್‌ಎನ್=ಪ್ರಾಡ್.ಬಿಲ್.ಡಿ&ಎಲ್‌ವೈವೈಎಂಎಂಡಿಡಿ..ಡೇಟಾ

2025ರ ಮಾರ್ಚ್ 14ರಂದು ಇದು ಪ್ರಾಡ್.ಬಿಲ್.ಡಿ250314.ಡೇಟಾ ಆಗುತ್ತದೆ. ಎರಡು ಚುಕ್ಕಿಗಳೂ ಬೇಕು: ಮೊದಲನೆಯದು ಸಿಂಬಲ್ ಎಲ್ಲಿ ಮುಗಿಯಿತೆಂದು ತೋರಿಸಿ ಮಾಯವಾಗುತ್ತದೆ, ಎರಡನೆಯದು ಹೆಸರಿನಲ್ಲಿ ಉಳಿಯುತ್ತದೆ. ದಿನಾಂಕದ ಹಿಂದಿನ ಡಿ ಅಕ್ಷರವನ್ನೂ ಕೈಬಿಡಬೇಡಿ, ಏಕೆಂದರೆ ಕ್ವಾಲಿಫೈಯರ್ (ಹೆಸರಿನಲ್ಲಿ ಚುಕ್ಕಿಗಳ ನಡುವಿನ ಪ್ರತಿ ಭಾಗ) ಅಂಕಿಯಿಂದ ಶುರುವಾಗುವಂತಿಲ್ಲ. ಅದು ಎಂಟು ಅಕ್ಷರ ಮೀರುವಂತೆಯೂ ಇಲ್ಲ. ವರ್ಷಕ್ಕೆ ನಾಲ್ಕು ಅಂಕಿ ಕೊಟ್ಟರೆ ಒಂಬತ್ತಾಗಿ ಜೆಸಿಎಲ್ ಎರರ್ ಬರುತ್ತದೆ. ಸಿಂಬಲ್‌ನ ಆರಂಭದ ಎಲ್ ಸ್ಥಳೀಯ ಸಮಯವನ್ನು ಸೂಚಿಸುತ್ತದೆ. ಅದಿಲ್ಲದಿದ್ದರೆ ಯುಟಿಸಿ ದಿನಾಂಕ ಬರುತ್ತದೆ.

ಇಷ್ಟು ಬರೆದರೂ ದಿನಾಂಕ ತುಂಬದಿದ್ದರೆ ನಿಮ್ಮ ಜಾಬ್‌ಕ್ಲಾಸ್‌ಗೆ (ಜಾಬ್ ಸೇರುವ ವರ್ಗ) ಅನುಮತಿ ಇಲ್ಲವೆಂದು ಅರ್ಥ. ಜಾಬ್‌ಗಳನ್ನು ಸ್ವೀಕರಿಸಿ ಸರದಿಯಲ್ಲಿಡುವ ಜೆಇಎಸ್2ನಲ್ಲಿ ಆ ಕ್ಲಾಸ್‌ನ ಸಿಸ್‌ಸಿಮ್ ಆಯ್ಕೆ ಅಲೌ ಎಂದಿರಬೇಕು; ಮೂಲತಃ ಅದು ಡಿಸ್‌ಅಲೌ ಆಗಿರುತ್ತದೆ. ಸಿಸ್ಟಮ್ಸ್ ಪ್ರೋಗ್ರಾಮರ್ ಬಳಿ ಕೇಳಿ ಬದಲಿಸಿಕೊಳ್ಳಿ.

ಆದರೆ ರಾತ್ರಿಯ ಬ್ಯಾಚ್‌ಗೆ ಈ ದಾರಿಯನ್ನು ನಾನು ಶಿಫಾರಸು ಮಾಡುವುದಿಲ್ಲ. ಈ ಸಿಂಬಲ್‌ಗೆ ಬೆಲೆ ತುಂಬುವುದು ಜೆಸಿಎಲ್ ಕನ್ವರ್ಟ್ ಆಗುವಾಗ (ಸಬ್‌ಮಿಟ್ ಆದ ಮೇಲೆ ಸಿಸ್ಟಮ್ ಅದನ್ನು ಓದಿ ಪರಿಶೀಲಿಸುವ ಹಂತ), ಸ್ಟೆಪ್ ರನ್ ಆಗುವಾಗಲ್ಲ. ಹನ್ನೊಂದೂವರೆಗೆ ಸಬ್‌ಮಿಟ್ ಆದ ಜಾಬ್, ಅದನ್ನು ಆರಂಭಿಸುವ ಇನಿಷಿಯೇಟರ್ ಸಿಗದೆ ನಡುರಾತ್ರಿ ದಾಟಿ ಶುರುವಾದರೂ ಹೆಸರಿನಲ್ಲಿ ಹಿಂದಿನ ದಿನವೇ ಇರುತ್ತದೆ. ತಡವಾಗಿ ಸಬ್‌ಮಿಟ್ ಆದರೆ ಮರುದಿನದ ದಿನಾಂಕ ಬೀಳುತ್ತದೆ. ಅಬೆಂಡ್ ಆದ (ದೋಷದಿಂದ ಮಧ್ಯದಲ್ಲೇ ನಿಂತ) ಜಾಬನ್ನು ಬೆಳಿಗ್ಗೆ ಮತ್ತೆ ಸಬ್‌ಮಿಟ್ ಮಾಡಿದಾಗಲೂ ಹಾಗೆಯೇ. ಆಗ 14ರ ವ್ಯವಹಾರದ ದತ್ತಾಂಶ 15ರ ಹೆಸರಿನಲ್ಲಿ ಕೂರುತ್ತದೆ. 14ರ ಹೆಸರನ್ನು ಹುಡುಕುವ ಮುಂದಿನ ಜಾಬ್‌ಗೆ ಏನೂ ಸಿಗುವುದಿಲ್ಲ. ಗಡಿಯಾರದ ದಿನಾಂಕ ಬೇಕೋ ವ್ಯವಹಾರದ ದಿನಾಂಕ ಬೇಕೋ ಎಂಬುದನ್ನು ದಯವಿಟ್ಟು ಮೊದಲೇ ತೀರ್ಮಾನಿಸಿ. ದಿನದ ಲೆಕ್ಕ ಮುಗಿಸುವ ಜಾಬ್‌ಗಳಿಗೆ ಬೇಕಾಗುವುದು ಬಹುತೇಕ ಎರಡನೆಯದೇ.

ವ್ಯವಹಾರದ ದಿನಾಂಕವನ್ನು ಜಾಬ್‌ಗಳನ್ನು ವೇಳೆಗೆ ಓಡಿಸುವ ಶೆಡ್ಯೂಲರ್‌ನಿಂದ ಪಡೆಯಿರಿ. ನಿಮ್ಮ ಶೆಡ್ಯೂಲರ್ ಕಂಟ್ರೋಲ್-ಎಂ ಆದರೆ %%ಓಡೇಟ್ ಎಂಬ ವೇರಿಯಬಲ್ ಆರಂಕಿಯ ದಿನಾಂಕ ಕೊಡುತ್ತದೆ. ಅದು ಜಾಬ್ ಯಾವ ದಿನಕ್ಕೆ ಶೆಡ್ಯೂಲ್ ಆಗಿತ್ತೋ ಆ ದಿನ, ಆದ್ದರಿಂದ ಮರುದಿನ ರೀರನ್ ಮಾಡಿದರೂ ಬದಲಾಗುವುದಿಲ್ಲ. ಶೆಡ್ಯೂಲರ್ ಇಲ್ಲದ ಕಡೆ ರೆಕ್ಸ್ ಎಂಬ ಸ್ಕ್ರಿಪ್ಟ್ ಭಾಷೆಯ ಒಂದು ಚಿಕ್ಕ ಪ್ರೋಗ್ರಾಂ ಕಂಟ್ರೋಲ್ ಫೈಲಿನಿಂದ ವ್ಯವಹಾರದ ದಿನಾಂಕ ಓದಿ, ಜೆಸಿಎಲ್‌ನಲ್ಲಿ ತುಂಬಿ, ಜಾಬ್ ಸಬ್‌ಮಿಟ್ ಮಾಡುವ ಇಂಟರ್ನಲ್ ರೀಡರ್‌ಗೆ ಕಳುಹಿಸಬಹುದು.

ಹಳೆಯ ಪ್ರತಿಗಳನ್ನು ಇಟ್ಟುಕೊಳ್ಳುವುದಷ್ಟೇ ಉದ್ದೇಶವಾದರೆ ದಿನಾಂಕದ ಗೋಜೇ ಬೇಡ, ಜಿಡಿಜಿ (ಒಂದೇ ಹೆಸರಿನಡಿ ಸರಣಿ ಸಂಖ್ಯೆಯ ಪ್ರತಿಗಳ ಗುಂಪು) ಸಾಕು. ಅದರಲ್ಲಿ 255 ಜನರೇಷನ್ ಇಡಬಹುದು, ಝಡ್‌ಓಎಸ್ 2.2ರಿಂದ ಎಕ್ಸ್‌ಟೆಂಡೆಡ್ ಆಯ್ಕೆಯಲ್ಲಿ 999.

ದಿನಾಂಕ ಸ್ಥಿರವಾದ ಮೇಲೆ ರೀರನ್‌ನಲ್ಲಿ ಅದೇ ಹೆಸರು ಮತ್ತೆ ಬರುತ್ತದೆ, ಹಳೆಯ ಡೇಟಾಸೆಟ್ ಅಡ್ಡ ನಿಲ್ಲುತ್ತದೆ. ಅದಕ್ಕಾಗಿ ಮೊದಲ ಸ್ಟೆಪ್ ಏನೂ ಮಾಡದೆ ಮುಗಿಯುವ ಐಇಎಫ್‌ಬಿಆರ್14 ಪ್ರೋಗ್ರಾಂ ಇರಲಿ. ಅದರಲ್ಲಿ ಹಳೆಯದನ್ನು ಅಳಿಸಲು ಅದೇ ಹೆಸರಿಗೆ ಡಿಸ್ಪ್=(ಮಾಡ್,ಡಿಲೀಟ್,ಡಿಲೀಟ್) ಕೊಡಿ, ಜೊತೆಗೆ ಯೂನಿಟ್ ಮತ್ತು ಸ್ಪೇಸ್ ಕೂಡ ಬರೆಯಿರಿ; ಡೇಟಾಸೆಟ್ ಇಲ್ಲದ ಮೊದಲ ರನ್‌ನಲ್ಲೂ ಆ ಸ್ಟೆಪ್ ತೊಂದರೆಯಿಲ್ಲದೆ ಮುಗಿಯುತ್ತದೆ.