ನೀವು ಕೇಳಿದಿರಿ: ಬಾಸ್ಟೋನ್ ಮುತ್ತಿಗೆಯ ನರ್ಸ್

ಪ್ರಶ್ನೆ: ಎರಡನೇ ಮಹಾಯುದ್ಧದ ಮುತ್ತಿಗೆಯಲ್ಲಿ ಸಿಕ್ಕಿಬಿದ್ದ ನರ್ಸ್ ಒಬ್ಬರಿಗೆ ಮುಪ್ಪಿನಲ್ಲಿ ಗೌರವ ಸಂದಿತಂತೆ. ಯಾರವರು?

ಉತ್ತರ: ಅಗಸ್ಟಾ ಶಿವಿ. 1921ರಲ್ಲಿ ಇಂದಿನ ಬುರುಂಡಿಯಲ್ಲಿ ಹುಟ್ಟಿದವರು. ತಂದೆ ಬೆಲ್ಜಿಯಂನ ಪಶುವೈದ್ಯ, ತಾಯಿ ಆಫ್ರಿಕದವರು. ಲುವೆನ್‌ನಲ್ಲಿ ನರ್ಸಿಂಗ್ ಕಲಿತಿದ್ದರು. 1944ರ ಕ್ರಿಸ್‌ಮಸ್‌ಗೆಂದು ತಂದೆಯ ಊರಾದ ಬೆಲ್ಜಿಯಂನ ಬಾಸ್ಟೋನ್‌ಗೆ ಬಂದದ್ದೇ ತಡ, ಜರ್ಮನ್ ಪಡೆಗಳು ಊರನ್ನು ಸುತ್ತುವರಿದವು. ಅಮೆರಿಕನ್ ಸೇನಾ ವೈದ್ಯ ಜ್ಯಾಕ್ ಪ್ರಯರ್ ನೆರವು ಕೇಳಿದರು, ಇವರು ಹೋದರು.

ಪ್ರಶ್ನೆ: ಅಲ್ಲಿ ಔಷಧಿಗೇ ಬರವಿತ್ತಂತೆ. ಚಿಕಿತ್ಸೆ ಹೇಗೆ ನಡೆಯುತ್ತಿತ್ತು?

ಉತ್ತರ: ಡಿಸೆಂಬರ್ 19ರ ರಾತ್ರಿ ಅಮೆರಿಕದ 101ನೇ ಏರ್‌ಬೋರ್ನ್ (ಪ್ಯಾರಾಚೂಟ್ ಸೈನಿಕರ) ಡಿವಿಷನ್‌ನ ವೈದ್ಯಕೀಯ ತುಕಡಿಯೇ ಶತ್ರುಗಳ ಕೈಗೆ ಸಿಕ್ಕಿತ್ತು, ಶಸ್ತ್ರವೈದ್ಯರು, ಸಲಕರಣೆ ಎಲ್ಲ ಹೋಯಿತು. ಪ್ರಯರ್ ಬಳಿ ಇದ್ದದ್ದು ಗಾಯ ಕಟ್ಟಿ ಹಿಂದಕ್ಕೆ ಕಳಿಸುವ ಠಾಣೆ, ಆದರೆ ಕಳಿಸಲು ದಾರಿಯೇ ಇರಲಿಲ್ಲ. ಕೊಳೆತ ಅಂಗ ಕತ್ತರಿಸಲು ಸೇನೆಯ ಚಾಕು, ಅರಿವಳಿಕೆಯ ಬದಲು ಕೊನ್ಯಾಕ್ ಎಂಬ ಬ್ರಾಂಡಿ.

ರಕ್ತ ಕಳೆದುಕೊಂಡವರಿಗೆ ಕೊಡುವ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಆಗಿನ ಸೇನೆಯಲ್ಲಿ ಒಣಪುಡಿಯಾಗಿ ಒಂದು ಬಾಟಲಿಯಲ್ಲಿ, ಶುದ್ಧೀಕರಿಸಿದ ನೀರು ಇನ್ನೊಂದರಲ್ಲಿ ಬರುತ್ತಿತ್ತು. ಬೆರೆಸಲು ಸುಮಾರು 3 ನಿಮಿಷ ಸಾಕು. ಚಳಿಗೆ ಆ ನೀರು ಹೆಪ್ಪುಗಟ್ಟಿದರೆ ಮಾತ್ರ ಪುಡಿ ಇದ್ದೂ ಇಲ್ಲದಂತೆ.

ನೋವು ಇಳಿಸುವ ಮಾರ್ಫಿನ್ ಅದಕ್ಕಿಂತ ಮೋಸದ್ದು. ಮೈ ತಣ್ಣಗಾಗಿ ರಕ್ತಸಂಚಾರ ಕುಗ್ಗಿದವನಿಗೆ ಚರ್ಮದಡಿ ಚುಚ್ಚಿದರೆ ಔಷಧಿ ಅಲ್ಲೇ ನಿಲ್ಲುತ್ತದೆ. ನೋವು ಇಳಿಯಲಿಲ್ಲವೆಂದು ಇನ್ನೊಂದು ಕೊಟ್ಟರೆ, ಆಮೇಲೆ ಮೈ ಬೆಚ್ಚಗಾದಾಗ ಎರಡೂ ಒಟ್ಟಿಗೆ ರಕ್ತಕ್ಕಿಳಿದು ಉಸಿರೇ ನಿಲ್ಲಬಹುದು. ಅದಕ್ಕೇ ಮಾರ್ಫಿನ್ ಚುಚ್ಚಿದ ಖಾಲಿ ಟ್ಯೂಬನ್ನು ಗಾಯಾಳುವಿನ ಕಾಲರಿಗೆ ಸಿಕ್ಕಿಸುವ ಪದ್ಧತಿ ಇತ್ತು, ಮುಂದೆ ನೋಡುವವರಿಗೆ ಲೆಕ್ಕ ಸಿಗಲೆಂದು.

ಪ್ರಶ್ನೆ: ಬಾಂಬ್ ದಾಳಿಯಲ್ಲಿ ಸತ್ತವರು ಇವರೇನಾ?

ಉತ್ತರ: ಅಲ್ಲ, ಅವರು ಅದೇ ಠಾಣೆಯ ಇನ್ನೊಬ್ಬ ನರ್ಸ್ ರೆನೆ ಲೆಮೇರ್. ಡಿಸೆಂಬರ್ 24ರ ಸಂಜೆ ಠಾಣೆಯ ಮೇಲೆ ಬಾಂಬ್ ಬಿದ್ದಾಗ ಸುಮಾರು 30 ಗಾಯಾಳುಗಳೊಂದಿಗೆ ತೀರಿಕೊಂಡರು. ಪಕ್ಕದ ಕಟ್ಟಡದಲ್ಲಿದ್ದ ಶಿವಿ ಸ್ಫೋಟದ ರಭಸಕ್ಕೆ ಎಸೆಯಲ್ಪಟ್ಟರೂ ಬದುಕಿದರು. ಎರಡು ದಿನಕ್ಕೆ ಅಮೆರಿಕದ ಜನರಲ್ ಪ್ಯಾಟನ್‌ನ ಟ್ಯಾಂಕುಗಳು ಮುತ್ತಿಗೆ ಭೇದಿಸಿ ಬಂದವು.

ಪ್ರಶ್ನೆ: ಗೌರವ ಇಷ್ಟು ತಡವೇಕೆ?

ಉತ್ತರ: ಶಿವಿಯೂ ಅಂದೇ ಸತ್ತರೆಂದು ಎಷ್ಟೋ ಜನ ನಂಬಿದ್ದರು, ಅವರೂ ಆ ದಿನಗಳ ಮಾತೆತ್ತುತ್ತಿರಲಿಲ್ಲ. ಮೈಬಣ್ಣವೂ ಅಡ್ಡಬಂದಿರಬೇಕು ಎಂಬುದು ನಮ್ಮ ಅನಿಸಿಕೆ. ಆಗಿನ ಅಮೆರಿಕದ ಸೇನೆ ವರ್ಣಭೇದ ಪಾಲಿಸುತ್ತಿದ್ದ ಸೇನೆಯಲ್ಲವೇ! ಕೊನೆಗೆ ಇತಿಹಾಸಕಾರ ಮಾರ್ಟಿನ್ ಕಿಂಗ್ ಅವರನ್ನು ಹುಡುಕಿ ತೆಗೆದರು. 2011ರಲ್ಲಿ ಬೆಲ್ಜಿಯಂ ದೊರೆ ನೈಟ್ ಪದವಿ ಕೊಟ್ಟರು, ಅದೇ ಡಿಸೆಂಬರ್‌ನಲ್ಲಿ ಅಮೆರಿಕದ ಸೇನೆಯೂ ಗೌರವಿಸಿತು. ಆದರೆ ಅದು ಸೈನಿಕರಿಗೆ ಕೊಡುವ ಶೌರ್ಯ ಪದಕವಲ್ಲ, ನಾಗರಿಕರ ಮಾನವೀಯ ಸೇವೆಗೆ ಕೊಡುವ ಪ್ರಶಸ್ತಿ.