ಬಟ್ಟೆಯ ಮಾಸ್ಕ್ ಸಾಲದು

ಹುಬ್ಬಳ್ಳಿಯ ತಾರಿಹಾಳದ ಬಣ್ಣದ ಘಟಕದಲ್ಲಿ ನ್ಯಾನೋ ಟೈಟಾನಿಯಂ ಡೈಆಕ್ಸೈಡ್ (ಬಣ್ಣಕ್ಕೆ ಬೆರೆಸುವ ಅತಿಸೂಕ್ಷ್ಮ ಬಿಳಿ ಪುಡಿ) ಚೀಲ ಸುರಿಯುವ ನಿಮ್ಮ ತಮ್ಮನಿಗೆ ಬಟ್ಟೆಯ ಮಾಸ್ಕ್ ಸಾಕೇ, ಪುಡಿ ಕೊಡುವ ಕಂಪನಿ ನ್ಯಾನೋಟೆಕ್ನಾಲಜಿ ಇಂಡಸ್ಟ್ರೀಸ್ ಅಸೋಸಿಯೇಷನ್ ಎಂಬ ಉದ್ಯಮಗಳ ಸಂಘದ ಸದಸ್ಯನಾದರೆ ನಂಬಬಹುದೇ ಎಂದು ಕೇಳಿದ್ದೀರಿ. ಮಾಸ್ಕ್ ಖಂಡಿತ ಸಾಲದು.

2005ರಲ್ಲಿ ಹುಟ್ಟಿದ ಆ ಸಂಘ ನ್ಯಾನೋ ವಸ್ತುಗಳ ಹೊಣೆಯರಿತ ಬಳಕೆಗಾಗಿ ದುಡಿಯುತ್ತಿದೆ, ನನಗೆ ಅದರ ಬಗ್ಗೆ ಗೌರವವಿದೆ. ಆದರೆ ಸದಸ್ಯತ್ವವೆಂದರೆ ಸುರಕ್ಷತೆಯ ಪ್ರಮಾಣಪತ್ರವಲ್ಲ. ಪುಡಿಯ ಅಪಾಯ, ಎಚ್ಚರಿಕೆಗಳನ್ನು ತಿಳಿಸುವ ಸುರಕ್ಷತಾ ಮಾಹಿತಿ ಪತ್ರವನ್ನು ಆ ಕಂಪನಿಯಿಂದ ಕೇಳಿ ಪಡೆಯಿರಿ.

ಚೀಲದ ಬಾಯಿ ಬಿಚ್ಚಿದೊಡನೆ ಏಳುವ ಬಿಳಿ ಮಬ್ಬೇ ಅಪಾಯ. ಕೆಲಸಗಾರರ ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಶ್ 2011ರಲ್ಲಿ ಘನ ಮೀಟರ್ ಗಾಳಿಗೆ ಸಾಮಾನ್ಯ ನುಣ್ಣನೆಯ ಪುಡಿ 2.4 ಮಿಲಿಗ್ರಾಂ, ನ್ಯಾನೋದಂಥ ಅತಿಸೂಕ್ಷ್ಮವಾದದ್ದು ಬರೀ 0.3 ಮಿಲಿಗ್ರಾಂ ಮೀರಬಾರದು ಎಂದಿತು. ಮಿಕ್ಸರ್ ಬಾಯಲ್ಲೇ ಧೂಳು ಹೀರುವ ಕೊಳವೆ ಹಾಕಿಸಲು ಮಾಲೀಕರನ್ನು ಒತ್ತಾಯಿಸಿ. ಅಲ್ಲಿಯವರೆಗೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಇರಲಿ. ನೆಲಕ್ಕೆ ಪೊರಕೆ ಹಾಕಲೇಬಾರದು, ಒದ್ದೆ ಬಟ್ಟೆಯಿಂದ ಒರೆಸಲಿ.